ಬೀಸುಕಲ್ಲಿನ ರೇಡಿಯೊ

ಹಿಡಿಕೆ ತಿರುವಿದರೆ ಮಾತಾಡುವ ರೇಡಿಯೊವೊಂದನ್ನು ತಂದು ಅವ್ವನ ಉಡಿಯಲ್ಲಿ ಇಟ್ಟೆ. ಅವಳು ಅದನ್ನು ಎತ್ತಿ ನೆಲದ ಮೇಲಿಟ್ಟಳು. ಸೆರಗು ಸೊಂಟಕ್ಕೆ ಸಿಗಿಸಿ, ಒಂದು ಕಾಲು ಚಾಚಿ ಇನ್ನೊಂದು ಮಡಚಿ, ಹಿಂದೆ ಬೀಸುವ ಕಲ್ಲಿನ ಮುಂದೆ ಕೂಡುತ್ತಿದ್ದ ಹಾಗೆಯೇ ಕೂತಳು. ಎಡಗೈಯಿಂದ ಡಬ್ಬಿಯನ್ನು ಒತ್ತಿ ಹಿಡಿದು ಬಲಗೈಯಿಂದ ತಿರುವತೊಡಗಿದಳು. ಹತ್ತು ಸುತ್ತು ಆಗುವಷ್ಟರಲ್ಲಿ ಕೈ ನಿಲ್ಲಿಸಿ, "ಗೂಟ ಸಣ್ಣದಾತಪಾ. ಅಂಗೈ ತುಂಬವಲ್ದು. ಇದನ್ನ ಮಾಡಿದಾಂವ ಒಂದಿನಾನೂ ಬೀಸಿಲ್ಲ ಕಾಣಸ್ತೈತಿ" ಎಂದಳು.

ಆ ಮಾತಿನ ತೂಕ ನನಗೆ ಗೊತ್ತಾದದ್ದು ಆರು ತಿಂಗಳ ಮೇಲೆ, ಆ ಹಿಡಿಕೆ ಬುಡಕ್ಕೇ ಮುರಿದಾಗ.

ನಾವಿರುವುದು ರೋಣದಲ್ಲಿ. ಅವ್ವನ ತವರು ಹೊಳೆಆಲೂರಿನ ಕಡೆ, ಮಲಪ್ರಭೆಯ ದಂಡೆಯ ಮೇಲಿನ ಊರು. ಅಲ್ಲಿಯ ಮಂದಿ ಪ್ರವಾಹ ಎಂಬ ಶಬ್ದವನ್ನು ಪೇಪರಿನಲ್ಲಿ ಓದುತ್ತಾರೆ, ಬಾಯಲ್ಲಿ ಆಡುವುದು 'ಹೊಳಿ ಬಂತು' ಎಂದೇ. ಬೀಗರು ಬಂದರು ಎಂದಂತೆ. ವರ್ಷದ ಬಹಳ ತಿಂಗಳು ಅದು ಮರಳಿನ ದಾರಿ, ದನ ದಾಟುವ ಜಾಗ. ಬಂದಾಗ ಮಾತ್ರ ಹೊಳೆ. ಅದು ಬರುವ ರೀತಿಯೂ ವಿಚಿತ್ರ. ನಮ್ಮ ಎರೆಹೊಲ ಬಿರುಕು ಬಿಟ್ಟು ಆಕಾಶ ನೋಡುತ್ತಿರುತ್ತದೆ, ನೆತ್ತಿಯ ಮೇಲೆ ಬಿಸಿಲಿರುತ್ತದೆ, ಮಳೆ ಬಿದ್ದಿರುವುದು ದೂರದ ಖಾನಾಪುರ ತಾಲ್ಲೂಕಿನ ಕಣಕುಂಬಿಯ ಕಾಡಿನಲ್ಲಿ. ಆ ನೀರು ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ನಿಲ್ಲುತ್ತದೆ. ಅಲ್ಲಿಯ ಅಣೆಕಟ್ಟು ಹಿಡಿಯುವುದು 37.73 ಟಿಎಂಸಿ, ಪೂರ್ಣ ಮಟ್ಟ 2079.50 ಅಡಿ. ಮಟ್ಟ ಮುಟ್ಟಿತೆಂದರೆ ಗೇಟು ಎತ್ತಲೇಬೇಕು. ಎತ್ತಿದ ನೀರು ರಾಮದುರ್ಗ ಹಾಯ್ದು, ನರಗುಂದದ ಕೊಣ್ಣೂರು, ಲಖಮಾಪುರ ಮುಟ್ಟಿ, ಬಾದಾಮಿ ಮತ್ತು ರೋಣದ ಹಳ್ಳಿಗಳ ನಡುವೆ ನುಗ್ಗುತ್ತದೆ. ಒಂದು ಕ್ಯೂಸೆಕ್ಸ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್, ಎರಡು ಕೊಡ ಎನ್ನಿ. 2019ರ ಆಗಸ್ಟಿನಲ್ಲಿ ಬಿಟ್ಟದ್ದು ಲಕ್ಷ ಕ್ಯೂಸೆಕ್ಸಿನ ಆಸುಪಾಸು. ಕಣ್ಣು ಮಿಟುಕಿಸುವುದರೊಳಗೆ ಎರಡು ಲಕ್ಷ ಕೊಡ ನೀರು.

ಅಣೆಕಟ್ಟಿನ ನೀರಿಗಾದರೂ ಒಂದು ಲೆಕ್ಕವಿದೆ, ಬಿಡುವ ಮುಂಚೆ ಹೇಳುವವರು ಇದ್ದಾರೆ. ಬೆಣ್ಣೆಹಳ್ಳಕ್ಕೆ ಅದೂ ಇಲ್ಲ. ಧಾರವಾಡ ಸೀಮೆಯ ಎರೆಮಣ್ಣಿನ ಬಯಲಿನ ನೀರನ್ನೆಲ್ಲ ಬಾಚಿಕೊಂಡು ಬಂದು ಮಲಪ್ರಭೆಯನ್ನು ಕೂಡುವ ಹಳ್ಳ ಅದು. ರಾತ್ರಿ ಎಲ್ಲೋ ಬಿದ್ದ ಮಳೆ ಬೆಳಗಾಗುವುದರಲ್ಲಿ ಹೊಲದ ಬದುವಿನ ಮೇಲೆ ಬಂದು ನಿಂತಿರುತ್ತದೆ. ಎರಡೂ ಒಟ್ಟಿಗೆ ಬಂದ ವರ್ಷ ದಂಡೆಯ ಊರುಗಳ ಗತಿ ಏನೆಂದು 2009 ತೋರಿಸಿಕೊಟ್ಟಿತು.

ಆ ವರ್ಷ ಸೆಪ್ಟೆಂಬರಿನ ಕೊನೆಗೆ ಹಿಡಿದ ಮಳೆ ಅಕ್ಟೋಬರ್ 2ರ ತನಕ ಬಿಡಲಿಲ್ಲ. ಮೇಲ್ಮುದ್ದೆಯ ಮನೆಗಳು ನೀರು ಕುಡಿದು ಕುಡಿದು ಕುಸಿದವು. ನಮ್ಮ ಸೋದರಮಾವನ ಮನೆ ಕಲ್ಲಿನ ಕಟ್ಟಡದ್ದು, ನಿಂತಿತು. ಮನೆ ಮಂದಿ, ಓಣಿ ಮಂದಿ ಎಲ್ಲ ಮಾಳಿಗೆ ಹತ್ತಿದರು. ಮೊದಲನೇ ದಿನವೇ ಕರೆಂಟು ಹೋಗಿತ್ತು. ಎರಡನೇ ದಿನಕ್ಕೆ ಮೊಬೈಲುಗಳು ಒಂದೊಂದಾಗಿ ಕಣ್ಣು ಮುಚ್ಚಿದವು. ಮಾವನ ಹತ್ತಿರ ಒಂದು ಹಳೆಯ ರೇಡಿಯೊ ಇತ್ತು, ಕಂದು ಚರ್ಮದ ಅಂಗಿ ತೊಟ್ಟದ್ದು, ಕೊರಳಪಟ್ಟಿ ಹರಿದು ಸುತಳಿ ಕಟ್ಟಿದ್ದು. ಅದನ್ನು ಗೊಬ್ಬರದ ಚೀಲದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮಾಳಿಗೆ ಹತ್ತಿಸಿದ್ದರು. ಅತ್ತೆ ಜೋಳದ ಚೀಲ ಮೊದಲು ಎಂದರಂತೆ, ಮಾವ ರೇಡಿಯೊ ಮೊದಲು ಎಂದರಂತೆ. ಆ ಜಗಳ ಈಗಲೂ ಮುಗಿದಿಲ್ಲ. ಆದರೆ ರಾತ್ರಿ ಕತ್ತಲೆಯಲ್ಲಿ ಮೂವತ್ತು ಮಂದಿ ಉಸಿರು ಹಿಡಿದು ಕೇಳಿದ್ದು ಆ ರೇಡಿಯೊವನ್ನೇ. ನೀರು ಇನ್ನೂ ಏರುತ್ತದೋ, ಇಳಿಯುತ್ತದೋ, ಯಾವ ದಾರಿ ಬಂದಾಗಿದೆ, ಎಲ್ಲಿ ಗಂಜಿ ಕೇಂದ್ರ ತೆರೆದಿದ್ದಾರೆ ಎಂಬ ಪ್ರಶ್ನೆಗಳಿಗೆ ಅವರಿಗೆ ಬೇರೆ ಬಾಯಿ ಇರಲಿಲ್ಲ. "ಸುದ್ದಿ ಕೇಳಿದ ಮ್ಯಾಲೆ ಹುಡುಗೂರು ನಿದ್ದಿ ಮಾಡಿದ್ವು" ಎಂದು ಮಾವ ಹೇಳುವಾಗ ಅವರ ದನಿ ಇಳಿಯುತ್ತದೆ.

ಆ ರೇಡಿಯೊದ ಸೆಲ್ಲುಗಳ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ಬಾಲ್ಯದಲ್ಲಿ ಪ್ರತಿ ಮನೆಯ ಕಟ್ಟೆಯ ಮೇಲೆ ಕುರುಡಗಿ, ಹಪ್ಪಳದ ಜೊತೆಗೆ ಎರಡು ಸೆಲ್ಲುಗಳೂ ಬಿಸಿಲಿಗೆ ಬಿದ್ದಿರುತ್ತಿದ್ದವು. ಸುಸ್ತಾದ ಸೆಲ್ಲು ಬಿಸಿಲು ಕಾಯಿಸಿಕೊಂಡರೆ ಇನ್ನೆರಡು ದಿನ ಹಾಡುತ್ತದೆ. ಅದು ಬರೀ ನಂಬಿಕೆಯಲ್ಲ. ಶಾಖಕ್ಕೆ ಒಳಗಿನ ರಸಾಯನ ಚುರುಕಾಗಿ, ತಳದಲ್ಲಿ ಉಳಿದ ಅಷ್ಟಿಷ್ಟು ಶಕ್ತಿ ಹೊರಗೆ ಬರುತ್ತದೆ. ಎಂಬತ್ತರ ದಶಕದ ತನಕ ರೇಡಿಯೊ ಇಟ್ಟವರು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಹಣ ಕಟ್ಟುತ್ತಿದ್ದರು, ಆ ಪುಸ್ತಕಕ್ಕೆ ಮನೆಯ ಉತಾರದಷ್ಟೇ ಮರ್ಯಾದೆ. ಸೈಕಲ್ಲು, ವಾಚು, ರೇಡಿಯೊ ಈ ಮೂರಿದ್ದ ಅಳಿಯನಿಗೆ ಹುಬ್ಬಳ್ಳಿಯ ತನಕ ಹೆಸರು.

ಮತ್ತೆ ನಮಗೆ ರೇಡಿಯೊ ಎಂದರೆ ಧಾರವಾಡ. 1950ರ ಜನವರಿ 8ರಂದು ಶುರುವಾದ ಕೇಂದ್ರ. ಬೇಂದ್ರೆಯವರು, ಎನ್ಕೆಯವರು ದುಡಿದ ಜಾಗ. ಆಕಾಶವಾಣಿ ಎಂಬ ಹೆಸರೇ 1935ರಲ್ಲಿ ಮೈಸೂರಿನ ಗೋಪಾಲಸ್ವಾಮಿಯವರ ಮನೆಯಿಂದ ಹೊರಟು ದೇಶಕ್ಕೆಲ್ಲ ಹೆಸರಾಯಿತು, ಅದು ಕನ್ನಡಿಗರ ಪಾಲಿನ ಹೆಮ್ಮೆ. ಆದರೆ ಗದಗ ಸೀಮೆಯ ರೈತನಿಗೆ ಆಕಾಶವಾಣಿಯ ಭಾಷೆ ಧಾರವಾಡದ ಭಾಷೆ. 765 ಕಿಲೋಹರ್ಟ್ಸ್, 200 ಕಿಲೋವ್ಯಾಟ್. ಈ 765 ಎಂಬ ಸಂಖ್ಯೆಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

2019ರ ಆಗಸ್ಟಿನಲ್ಲಿ ಮತ್ತೆ ಹೊಳೆ ಬಂತು. ಕೊಣ್ಣೂರಿನ ಹತ್ತಿರ ಹುಬ್ಬಳ್ಳಿ–ಸೊಲ್ಲಾಪುರ ಹೆದ್ದಾರಿಯೇ ಬಂದಾಯಿತು. ಈ ಸಲ ಮಾವನ ಓಣಿಯಲ್ಲಿ ಒಂದು ಮನೆಯಲ್ಲೂ ರೇಡಿಯೊ ಇರಲಿಲ್ಲ. ಮಾವನದು ಎಂದೋ ಕೆಟ್ಟು ಅಟ್ಟ ಸೇರಿತ್ತು. ಎಲ್ಲರ ಕೈಯಲ್ಲಿ ಮೊಬೈಲು, ಅದರ ತುಂಬ ಸುದ್ದಿ. ಆದರೆ ಎಂಥ ಸುದ್ದಿ? ಡ್ಯಾಮು ಒಡೆದಿದೆ ಎಂಬ ಸುಳ್ಳು ಸಂದೇಶವೊಂದು ರಾತ್ರಿ ಹನ್ನೊಂದಕ್ಕೆ ಬಂತು. ಮಂದಿ ಮಲಗಿದ ಮುದುಕರನ್ನು ಎತ್ತಿಕೊಂಡು ಕೆಸರಿನಲ್ಲಿ ಓಡಿದರು. ಬೆಳಗಾಗುವುದರಲ್ಲಿ ಬ್ಯಾಟರಿ ಮುಗಿದು, ಅದು ಸುಳ್ಳು ಎಂಬ ಸಂದೇಶ ಬಂದಾಗ ಓದಲು ಯಾರ ಮೊಬೈಲೂ ಬದುಕಿರಲಿಲ್ಲ. ಮಾವನೂ ಆ ರಾತ್ರಿ ಓಡಿದವರಲ್ಲಿ ಒಬ್ಬರು. ಅವತ್ತೇ ನಿಶ್ಚಯ ಮಾಡಿದೆ, ಮಾವನ ಮನೆಗೊಂದು ನಮ್ಮ ಮನೆಗೊಂದು ಗಟ್ಟಿ ರೇಡಿಯೊ ತರಬೇಕು, ಕರೆಂಟಿನ ಹಂಗಿಲ್ಲದ್ದು.

ಮೊದಲನೆಯದನ್ನು ಆನ್‌ಲೈನಿನಲ್ಲಿ ತರಿಸಿದೆ. ಕಂಪನಿಯ ಹೆಸರು ಬೇಡ. ಕಿತ್ತಳೆ ಬಣ್ಣ, ನೆತ್ತಿಯ ಮೇಲೆ ಸೋಲಾರ್ ಹಲಗೆ, ಬೆನ್ನಿಗೆ ಹಿಡಿಕೆ, ಹೊಟ್ಟೆಯಲ್ಲಿ ಬ್ಯಾಟರಿ, ಮುಂದೆ ದೀಪ, ಪಕ್ಕದಲ್ಲಿ ಸೈರನ್ನು. ಅವ್ವ ಬೀಸಿ ನೋಡಿದ್ದು ಅದನ್ನೇ. ಒಂದು ಗುಂಡಿಯ ಮೇಲೆ ಹವಾಮಾನದ ಗುರುತಿತ್ತು. ಅದನ್ನು ಒತ್ತಿದರೆ ಮಳೆಯ ಮುನ್ಸೂಚನೆ ಬರುತ್ತದೆಂದು ಎಷ್ಟೋ ದಿನ ಒತ್ತಿದೆ, ಬರೀ ಸುಯ್ ಎಂಬ ಸದ್ದು. ಆಮೇಲೆ ತಿಳಿಯಿತು, ಅದು ಅಮೆರಿಕದ ಹವಾಮಾನ ಇಲಾಖೆ 162 ಮೆಗಾಹರ್ಟ್ಸ್ ಸುತ್ತ ನಡೆಸುವ ವಿಶೇಷ ಪ್ರಸಾರಕ್ಕಾಗಿ ಇಟ್ಟ ಗುಂಡಿ. ನಮ್ಮಲ್ಲಿ ಅಂಥ ಪ್ರಸಾರವೇ ಇಲ್ಲ. ಆ ಗುಂಡಿಗೆಂದು ಹೆಚ್ಚು ದುಡ್ಡು ಕೊಡುವುದು ನೀರಿಲ್ಲದ ಬಾವಿಗೆ ಮೋಟರು ಕೂರಿಸಿದ ಹಾಗೆ.

ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇತ್ತು. ಅದು ಅಂಕಿ ತೋರಿಸುವ ರೇಡಿಯೊ, ಮುಳ್ಳಿನದಲ್ಲ. ಗುಂಡಿ ಒತ್ತಿದರೆ 750, 760, 770 ಎಂದು ಹಾರುತ್ತಿತ್ತು. ಧಾರವಾಡ 765. ಈ ಕಡೆ 760ಕ್ಕೆ ನಿಲ್ಲಿಸಿದರೆ ಮಾತು ಮೂಗಿನಿಂದ ಬರುತ್ತದೆ, ಆ ಕಡೆ 770ಕ್ಕೆ ನಿಲ್ಲಿಸಿದರೆ ಗಂಟಲಿನಿಂದ. ಅಮೆರಿಕದಲ್ಲಿ ಮಧ್ಯಮ ತರಂಗದ ಕೇಂದ್ರಗಳನ್ನು ಹತ್ತು ಹತ್ತು ಕಿಲೋಹರ್ಟ್ಸ್ ಅಂತರದಲ್ಲಿ ಕೂರಿಸಿದ್ದಾರೆ, ನಮ್ಮಲ್ಲಿ ಒಂಬತ್ತು ಒಂಬತ್ತರ ಅಂತರ. ಒಂಬತ್ತೆಂಬತ್ತೈದಲೆ ಏಳುನೂರಾ ಅರವತ್ತೈದು. ಒಳ್ಳೆಯ ರೇಡಿಯೊಗಳಲ್ಲಿ ಹತ್ತನ್ನು ಒಂಬತ್ತಕ್ಕೆ ಬದಲಿಸುವ ವ್ಯವಸ್ಥೆ ಇರುತ್ತದೆ, ನನ್ನದರಲ್ಲಿ ಇರಲಿಲ್ಲ. ಸಾವಿರ ಗುಣಗಳಿದ್ದೂ ನಮ್ಮ ಕೇಂದ್ರದ ಬಾಗಿಲ ಮುಂದೆ ಹಾದುಹೋಗುವ ರೇಡಿಯೊ ಅದು. ಮುಳ್ಳು ತಿರುವುವ ಹಳೆಯ ರೀತಿಯಾದರೆ ಈ ತಾಪತ್ರಯವೇ ಇಲ್ಲ. ಮುಳ್ಳು ಎಲ್ಲಿ ಬೇಕಾದರೂ ನಿಲ್ಲುತ್ತದೆ.

ಹಿಡಿಕೆ ಮುರಿದ ಮೇಲೆ ಅದನ್ನು ಗಜೇಂದ್ರಗಡಕ್ಕೆ ಒಯ್ದೆ. ಅಲ್ಲಿ ಪೇಟೆಯ ಒಂದು ಸಂದಿಯಲ್ಲಿ ರೇಡಿಯೊ ರಿಪೇರಿಯ ಕಾಕಾ ಒಬ್ಬರಿದ್ದಾರೆ. ಅಂಗಡಿ ಎಂದರೆ ಮೂರು ಮೊಳ ಅಗಲ. ಗೋಡೆಗೆಲ್ಲ ಬಿಚ್ಚಿದ ಸೆಟ್ಟುಗಳು, ಕಾವಿಯ ಹೊಗೆ, ರಾಳದ ವಾಸನೆ. ಹೊರಗೆ ನಿಂತರೆ ಗುಡ್ಡದ ಮೇಲೆ ಗಾಳಿಯಂತ್ರಗಳ ಸಾಲು ಕಾಣುತ್ತದೆ, ಕಾಲಕಾಲೇಶ್ವರನ ಗುಡ್ಡದ ಸೀಮೆ ಅದು. ಅವು ಸುತ್ತುವುದೂ ಈ ಹಿಡಿಕೆ ಸುತ್ತುವುದೂ ಒಂದೇ ತತ್ವ, ತಂತಿಯ ಸುರುಳಿ ಮತ್ತು ಅಯಸ್ಕಾಂತ ಒಂದರ ಎದುರು ಒಂದು ತಿರುಗಿದರೆ ವಿದ್ಯುತ್ತು. ಅಲ್ಲಿ ತಿರುವುವುದು ಗಾಳಿ, ಇಲ್ಲಿ ಅವ್ವ.

ಕಾಕಾ ನಾಲ್ಕು ತಿರುಪು ಬಿಚ್ಚಿ ಒಳಗಿನದನ್ನು ಅಂಗೈ ಮೇಲೆ ಸುರಿದುಕೊಂಡರು. ಹಲ್ಲಿನ ಗಾಲಿಗಳು ಪ್ಲಾಸ್ಟಿಕ್ಕಿನವು, ಜೋಳದ ಕಾಳಿನಷ್ಟು ಹಲ್ಲು. ಎರಡು ಗಾಲಿಗಳಲ್ಲಿ ಹಲ್ಲು ಸವೆದು ನುಣ್ಣಗಾಗಿದ್ದವು.

"ಇದರಾಗ ಮೂರು ಕೆಲಸ ನೋಡ್ರಿ ಸರ್" ಎಂದರು ಅವರು. "ಹಿಡಿಕಿ ಕೂಡೋ ಜಾಗಾ ಕಬ್ಬಿಣದ್ದಿರಬೇಕು. ತಿರುವಿದರ ಒಂದ ಸವನ ಗರ್ ಅನಬೇಕು, ಕಟ್ ಕಟ್ ಅಂದರ ಹಲ್ಲು ಹೊಂಟಾವಂತ. ಮೂರನೇದ್ದು, ಸಾದಾ ಸೆಲ್ಲು ಹಾಕಾಕ ಜಾಗಾ ಇರಬೇಕು. ಅದಿಲ್ಲದ ರೇಡಿಯೊ ನಾ ಯಾರಿಗೂ ಕೊಡಂಗಿಲ್ಲ."

"ಹಿಡಿಕಿ ಐತಲ್ರಿ ಕಾಕಾ, ಸೆಲ್ಲು ಯಾಕ?"

"ಒಳಗಿನ ಬ್ಯಾಟ್ರಿ ಸತ್ತರ ನೀವು ತಿರುವಿದ್ದು ಎಲ್ಲಿ ಕೂಡಬೇಕ್ರಿ? ತೂತಿನ ಕೊಡಕ್ಕ ನೀರು ಸೇದಿದಂಗ."

ಅವರ ಮಾತು ನನ್ನನ್ನು ದೂರ ಒಯ್ದಿತು. 1991ರಲ್ಲಿ ಇಂಗ್ಲೆಂಡಿನ ಟ್ರೆವರ್ ಬೇಲಿಸ್ ಎಂಬಾತ ಆಫ್ರಿಕದ ಏಡ್ಸ್ ಕುರಿತ ಕಾರ್ಯಕ್ರಮವೊಂದನ್ನು ಟೀವಿಯಲ್ಲಿ ನೋಡುತ್ತ ಕೂತಿದ್ದ. ರೋಗದ ತಿಳಿವಳಿಕೆ ಹಬ್ಬಿಸಲು ರೇಡಿಯೊ ಬೇಕು, ಕರೆಂಟು ಇಲ್ಲ, ಸೆಲ್ಲಿಗೆ ದುಡ್ಡಿಲ್ಲ ಎಂದು ಅದರಲ್ಲಿ ಹೇಳಿದ್ದು ಅವನ ಮನಸ್ಸಿಗೆ ತಟ್ಟಿತು. ಹಳೆಯ ಗ್ರಾಮಫೋನಿಗೆ ಕೀಲಿ ಕೊಡುತ್ತಿದ್ದ ನೆನಪಿನಲ್ಲಿ, ಕೀಲಿ ಕೊಟ್ಟರೆ ನಡೆಯುವ ರೇಡಿಯೊ ಕಟ್ಟಿದ. ಅವನ ಮೊದಲ ರೇಡಿಯೊದಲ್ಲಿ ಶಕ್ತಿ ಕೂಡಿಡುತ್ತಿದ್ದದ್ದು ಉಕ್ಕಿನ ಸ್ಪ್ರಿಂಗು. ಸ್ಪ್ರಿಂಗಿಗೆ ವಯಸ್ಸಾಗುವುದು ನಿಧಾನ, ಹತ್ತು ವರ್ಷ ಮೂಲೆಯಲ್ಲಿಟ್ಟು ಕೀಲಿ ಕೊಟ್ಟರೂ ಏಳುತ್ತದೆ. ಈಗಿನವುಗಳಲ್ಲಿ ಸ್ಪ್ರಿಂಗಿಲ್ಲ, ಸಣ್ಣ ಲಿಥಿಯಂ ಬ್ಯಾಟರಿ ಇದೆ. ಮರೆತು ಕಪಾಟಿನಲ್ಲಿ ಎರಡು ಮೂರು ವರ್ಷ ಇಟ್ಟರೆ ಅದು ಪೂರ್ತಿ ಬರಿದಾಗಿ, ಸದ್ದಿಲ್ಲದೆ ಸಾಯುತ್ತದೆ. ಆಪತ್ತಿಗೆಂದು ಕೊಂಡದ್ದು ಆಪತ್ತಿನ ದಿನ ಬಾಯಿ ಬಿಡುವುದಿಲ್ಲ.

ಹಿಡಿಕೆಯ ಶಕ್ತಿ ಎಷ್ಟು ಎಂಬುದಕ್ಕೂ ಲೆಕ್ಕ ಬೇಕು. ಇಂಥ ಸಣ್ಣ ಡಬ್ಬಿಗಳಲ್ಲಿ ಒಂದೇ ಸವನೆ ತಿರುವಿದರೆ ಒಂದೆರಡು ವ್ಯಾಟ್ ಹುಟ್ಟುತ್ತದೆ. ಸಣ್ಣ ದನಿಯಲ್ಲಿಟ್ಟ ರೇಡಿಯೊ ತಿನ್ನುವುದು ವ್ಯಾಟಿನ ಹತ್ತರಲ್ಲೊಂದು ಪಾಲು. ಹಾಗಾಗಿ ಒಂದು ನಿಮಿಷ ತಿರುವಿದರೆ ಒಂದು ಸುದ್ದಿಪ್ರಸಾರ ಕೇಳಬಹುದು. ಇದು ಸಾಧ್ಯವಾದ ಮಾತು, ಅರವತ್ತು ದಾಟಿದ ಅವ್ವನ ಕೈಗೂ ಸಾಧ್ಯ. ಆದರೆ ಮೊಬೈಲನ್ನೂ ಚಾರ್ಜು ಮಾಡುತ್ತದೆ ಎಂದು ಡಬ್ಬಿಯ ಮೇಲೆ ಬರೆದಿರುತ್ತಾರಲ್ಲ, ಅದನ್ನು ನಂಬಬೇಡಿ. ಇವತ್ತಿನ ಮೊಬೈಲಿನ ಬ್ಯಾಟರಿ ತುಂಬಲು ಒಂಬತ್ತು ಹತ್ತು ತಾಸು ಬಿಡದೆ ತಿರುವಬೇಕಾಗುತ್ತದೆ. ಅದು ಗಾಣದ ಎತ್ತಿನ ಕೆಲಸ. ಒಂದು ಕಾಲ್ ಮಾಡುವಷ್ಟು ಜೀವ ಬಂದೀತು, ಅಷ್ಟೇ.

ಸೋಲಾರ್ ಹಲಗೆಯದೂ ಅದೇ ಕತೆ. ನಮ್ಮ ಸೀಮೆಯಲ್ಲಿ ಬಿಸಿಲಿಗೆ ಬಡತನವಿಲ್ಲ. ಆದರೆ ರೇಡಿಯೊದ ನೆತ್ತಿಗೆ ಅಂಟಿಸುವ ಹಲಗೆ ಬೆಂಕಿಪೆಟ್ಟಿಗೆ ಎರಡು ಜೋಡಿಸಿದಷ್ಟು ದೊಡ್ಡದು. ಮಟಮಟ ಮಧ್ಯಾಹ್ನ ಅರ್ಧ ವ್ಯಾಟು ಕೊಟ್ಟರೆ ಹೆಚ್ಚು. 2009ರಂಥ ಮೋಡದ ದಿನ ಅದರ ಹತ್ತನೇ ಪಾಲೂ ಇಲ್ಲ. ಮತ್ತೊಂದು ಅಪಾಯವಿದೆ. ಹಲಗೆ ಕಾಯಲೆಂದು ಇಡೀ ರೇಡಿಯೊವನ್ನು ಏಪ್ರಿಲ್ಲಿನ ಬಿಸಿಲಲ್ಲಿ ಮಾಳಿಗೆಯ ಮೇಲಿಟ್ಟರೆ ಒಳಗಿನ ಬ್ಯಾಟರಿ ಬೆಂದುಹೋಗುತ್ತದೆ. ಸೋಲಾರ್ ಬೇಕೆನ್ನುವವರು ವಯರಿನಲ್ಲಿ ಜೋಡಿಸುವ ಬೇರೆ ಹಲಗೆಯನ್ನೇ ಕೊಳ್ಳಬೇಕು. ಹಲಗೆ ಬಿಸಿಲಲ್ಲಿರಲಿ, ರೇಡಿಯೊ ನೆರಳಿನಲ್ಲಿರಲಿ.

ಕಾಕಾ ಕೊನೆಗೆ ಕೊಟ್ಟದ್ದು ಬೂದು ಬಣ್ಣದ ಸಾದಾ ಸೆಟ್ಟು. ಮುಳ್ಳಿನದು. ಹಿಡಿಕೆ ಇದೆ, ಬೆರಳಷ್ಟು ದಪ್ಪ, ಕಬ್ಬಿಣದ ಕೀಲು. ಬೆನ್ನಲ್ಲಿ ಮೂರು ದೊಡ್ಡ ಸೆಲ್ಲಿಗೆ ಮನೆ. ದೊಡ್ಡ ಸೆಲ್ಲು ಹಾಕಿದರೆ ದಿನಕ್ಕೆ ತಾಸು ಕೇಳುವವರಿಗೆ ತಿಂಗಳುಗಟ್ಟಲೆ ಬರುತ್ತದೆ. ಈ ಲೆಕ್ಕವೆಲ್ಲ ಮಾಡಿದ ಮೇಲೆ ನನ್ನ ಅಭಿಪ್ರಾಯ ಇದು: ನಂಬಿಕೆಯ ರೇಡಿಯೊ ಎಂದರೆ ಮೊದಲು ಸೆಲ್ಲಿನದು. ಹಿಡಿಕೆ, ಸೆಲ್ಲು ಮುಗಿದ ದಿನದ ಆಸರೆ. ಸೋಲಾರ್, ಬೇಸಿಗೆಯಲ್ಲಿ ಬ್ಯಾಟರಿಯನ್ನು ಎಚ್ಚರವಾಗಿಡುವ ದಾದಿ. ಅಂಗಡಿಯವರು ಈ ಸಾಲನ್ನು ತಿರುವುಮುರುವು ಮಾಡಿ ಹೇಳುತ್ತಾರೆ, ಏಕೆಂದರೆ ಹಿಡಿಕೆ ಮತ್ತು ಹಲಗೆ ಕಣ್ಣಿಗೆ ಕಾಣುತ್ತವೆ.

ಅಂಗಡಿಯಲ್ಲಿ ಕಾಕಾ ಮಾಡಿದ ಒಂದು ಕೆಲಸ ಇನ್ನೂ ನನ್ನ ಕಣ್ಣ ಮುಂದಿದೆ. ರೇಡಿಯೊ ಹಚ್ಚಿ 765ಕ್ಕೆ ಮುಳ್ಳು ತಂದರು. ಕರಕರ ಎಂಬ ಸದ್ದಿನ ನಡುವೆ ಎಲ್ಲೋ ಮಾತು. ನನ್ನ ಮೋರೆ ನೋಡಿ ನಕ್ಕು, ಕೈ ಚಾಚಿ ಅಂಗಡಿಯ ಮೇನ್ ಸ್ವಿಚ್ಚನ್ನೇ ಆರಿಸಿದರು. ಎಲ್‌ಇಡಿ ಬಲ್ಬು ಆರಿತು, ಮೊಬೈಲ್ ಚಾರ್ಜರು ಆರಿತು. ಆ ಕ್ಷಣವೇ ಕರಕರ ನಿಂತು ಧಾರವಾಡದ ನಿಲಯದವರು ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಕೇಳಿಸಿತು. ಮಧ್ಯಮ ತರಂಗಕ್ಕೆ ದೊಡ್ಡ ವೈರಿಗಳೆಂದರೆ ಮನೆಯೊಳಗಿನ ಈ ಬಲ್ಬು ಮತ್ತು ಚಾರ್ಜರುಗಳೇ. ಊರಿಗೆ ಊರೇ ಕತ್ತಲಾದ ರಾತ್ರಿ, ಸಿಡಿಲಿಲ್ಲದಿದ್ದರೆ, ರೇಡಿಯೊ ತನ್ನ ಅತ್ಯುತ್ತಮ ದನಿಯಲ್ಲಿ ಮಾತಾಡುತ್ತದೆ. ಆಮೇಲೆ ಅವರು ಸೆಟ್ಟನ್ನು ಮೆಲ್ಲಗೆ ತಿರುಗಿಸಿದರು. ಅದರ ಒಂದು ತುದಿ ಪಡುವಣಕ್ಕೆ, ಧಾರವಾಡದ ದಿಕ್ಕಿಗೆ ಆದಾಗ ದನಿ ಬತ್ತಿತು. ಅಗಲದ ಮೋರೆ ಆ ದಿಕ್ಕಿಗೆ ಆದಾಗ ತುಂಬಿ ಬಂತು. ಒಳಗೆ ಅಡ್ಡಕ್ಕೆ ಮಲಗಿಸಿದ ಫೆರೈಟ್ ಕಡ್ಡಿಗೆ ತಂತಿ ಸುತ್ತಿರುತ್ತಾರೆ, ಅದೇ ಅದರ ಕಿವಿ. ನಮ್ಮ ಎರೆಮಣ್ಣಿನ ಉಪಕಾರವೂ ಇದರಲ್ಲಿದೆ. ಮಧ್ಯಮ ತರಂಗ ಹಗಲು ನೆಲವನ್ನು ಹಿಡಿದುಕೊಂಡೇ ಬರುತ್ತದೆ, ಒಣ ಕಲ್ಲುನೆಲಕ್ಕಿಂತ ಹಸಿ ಎರೆನೆಲದ ಮೇಲೆ ಅದು ಹೆಚ್ಚು ದೂರ ಹರಿಯುತ್ತದೆ. ಎಫ್‌ಎಂ ಹಾಗಲ್ಲ. ಅದಕ್ಕೆ ಗುಡ್ಡ ಅಡ್ಡ ಬಂದರೆ ಮಾತು ಮುಗಿಯಿತು. ಗಜೇಂದ್ರಗಡದ ಗುಡ್ಡದ ಮಗ್ಗುಲಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

2023ರ ಅಕ್ಟೋಬರ್ 12ರಂದು ಕರ್ನಾಟಕದ ಮೊಬೈಲುಗಳು ಒಮ್ಮೆಲೇ ಕಿರುಚಿದ್ದು ನಿಮಗೂ ನೆನಪಿರಬೇಕು. ಆಪತ್ತಿನ ಎಚ್ಚರಿಕೆ ಕಳಿಸುವ ವ್ಯವಸ್ಥೆಯ ಪರೀಕ್ಷೆ ಅದು. ಒಳ್ಳೆಯ ಕೆಲಸ, ಇನ್ನೂ ಬೆಳೆಯಬೇಕು. ಆದರೆ ಅದಕ್ಕೆ ಟವರ್ ನಿಂತಿರಬೇಕು, ಟವರಿನ ಡೀಸೆಲ್ ಮುಗಿಯದಿರಬೇಕು, ಮೊಬೈಲು ಬದುಕಿರಬೇಕು. ರೇಡಿಯೊಕ್ಕೆ ಧಾರವಾಡದಲ್ಲಿ ಒಂದು ಕಂಬ ನಿಂತಿದ್ದರೆ ಸಾಕು. ಹೊಳೆ ಬರುವ ಸೀಮೆಯಲ್ಲಿ ಕೇಂದ್ರ ಹೊಳೆಯಿಂದ ದೂರ ಇರುವುದೇ ಒಂದು ಬಲ.

ಆಪತ್ತು ಎಂದರೆ ಹೊಳೆಯೊಂದೇ ಅಲ್ಲ. ನರಗುಂದದಲ್ಲಿ ಕೆಲವು ವರ್ಷಗಳಿಂದ ನೆಲವೇ ಬಾಯಿ ತೆರೆಯುತ್ತಿದೆ. ಹಿಂದಿನವರು ಜೋಳ ತುಂಬಿಡುತ್ತಿದ್ದ ಹಗೇವುಗಳು ಮನೆಯ ಕೆಳಗೆ, ಓಣಿಯ ಕೆಳಗೆ ಹಾಗೇ ಉಳಿದಿವೆ. ಅಂತರ್ಜಲ ಏರಿದಾಗ ಕುಸಿಯುತ್ತವೆ. ಅಲ್ಲಿ ನೆಂಟರ ಮನೆಯಲ್ಲಿ ಒಂದು ಮಳೆಗಾಲದ ರಾತ್ರಿ ಉಳಿದಿದ್ದೆ. ಕರೆಂಟು ಹೋದ ಕೂಡಲೇ ಮನೆಯವರೆಲ್ಲ ಎದ್ದು ಪಡಸಾಲೆಗೆ ಬಂದು ಕೂತರು, ಯಾರೂ ಮಾತಾಡಲಿಲ್ಲ. ಅಂಥ ಹೊತ್ತಿನಲ್ಲಿ ಮನುಷ್ಯರ ದನಿಯೊಂದು ಬೇಕು. ಸುದ್ದಿಯೇ ಆಗಬೇಕೆಂದಿಲ್ಲ, ಹಾಡಾದರೂ ಸರಿ. ರೋಣದ ನೆಲದ ಭೀಮಸೇನ ಜೋಶಿಯವರ ದನಿ ಬಂದರೆ ಇನ್ನೂ ಒಳ್ಳೆಯದು.

ಈಗ ನಮ್ಮ ಮನೆಯಲ್ಲಿ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಮಣ್ಣೆತ್ತಿನ ಅಮಾಸಿಯ ದಿನ ರೇಡಿಯೊದ ಪೂಜೆ, ಎಂದರೆ ಪರೀಕ್ಷೆ. ಅವ್ವ ಐದು ನಿಮಿಷ ತಿರುವುತ್ತಾಳೆ, ಬ್ಯಾಟರಿಗೆ ಜೀವ ಬರುತ್ತದೆ. ಹಳೆಯ ಸೆಲ್ಲು ತೆಗೆದು ಹೊಸವನ್ನು ತರುತ್ತೇವೆ. ಅವುಗಳನ್ನು ರೇಡಿಯೊದ ಒಳಗೆ ಹಾಕಿಡುವುದಿಲ್ಲ, ಸೋರಿ ತಗಡನ್ನು ತಿಂದುಬಿಡುತ್ತವೆ. ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಜೊತೆಗೆ ಇಡುತ್ತೇವೆ. ಆಮೇಲಿನ ಅಮಾಸಿಗಳಿಗೆಲ್ಲ ಮತ್ತೆ ಐದೈದು ನಿಮಿಷ, ದಸರೆ ದಾಟುವ ತನಕ ತಪ್ಪಿಸುವಂತಿಲ್ಲ. ಹೊಳೆ ಬರುವ ತಿಂಗಳುಗಳು ಅವೇ. ಮಾವನ ಮನೆಯಲ್ಲಿ ಅಂಥದೇ ಸೆಟ್ಟು ತೊಲೆಗೆ ಹೊಡೆದ ಮೊಳೆಗೆ ತೂಗುತ್ತದೆ, 2009ರ ನೀರಿನ ಗುರುತಿಗಿಂತ ಎರಡು ಮೊಳ ಮೇಲೆ.

ಆಕಾಶವಾಣಿ ದೇಶದ ಹಲವು ಕಡೆ ಹಳೆಯ ಮಧ್ಯಮ ತರಂಗದ ಪ್ರಸಾರಯಂತ್ರಗಳನ್ನು ನಿಲ್ಲಿಸುತ್ತ ಬಂದಿದೆ. ಕೇಳುವವರಿಲ್ಲ, ಕರೆಂಟು ಬಿಲ್ಲು ಹೆಚ್ಚು ಎಂಬುದು ಕಾರಣ. ಧಾರವಾಡದ 765ಕ್ಕೆ ಆ ಗತಿ ಬರಬಾರದು. ಮಲಪ್ರಭೆ, ಬೆಣ್ಣೆಹಳ್ಳಗಳ ದಂಡೆಯಲ್ಲಿ ಇರುವ ನಾವು ದಿನಾ ಕೇಳಬೇಕು, ಕೇಳುತ್ತಿದ್ದೇವೆ ಎಂದು ನಿಲಯಕ್ಕೊಂದು ಕಾರ್ಡು ಬರೆಯಬೇಕು. ನೀವೂ ರೇಡಿಯೊ ಕೊಳ್ಳಲು ಹೊರಟಿದ್ದರೆ ಬಣ್ಣ, ಸೈರನ್ನು ನೋಡಬೇಡಿ. ಮನೆಯ ಹಿರಿಯ ಹೆಣ್ಣುಮಗಳನ್ನು ಜೊತೆಗೆ ಕರೆದೊಯ್ದು ಹಿಡಿಕೆಯನ್ನು ಅವರ ಕೈಗೆ ಕೊಡಿ. ಅಂಗಡಿಯ ದೀಪ ಆರಿಸಲು ಹೇಳಿ ಮುಳ್ಳನ್ನು 765ಕ್ಕೆ ತನ್ನಿ. ಧಾರವಾಡ ಮಾತಾಡಿದರೆ ದುಡ್ಡು ಎಣಿಸಿ ಕೊಡಿ.